ನೀರಿನ ಹೊತ್ತಿನ ದೆವ್ವ ಯಾರ್ಯಾರದು

ಕೊಡದ ತಳದ ಅಂಚು ಒಂದು ಕಡೆ ನೆಗ್ಗಿತ್ತು, ಹೆಬ್ಬೆರಳು ಕೂರುವಷ್ಟು. ನೆಲಕ್ಕಿಟ್ಟರೆ ಅದು ಮೊದಲು ನೆಗ್ಗಿದ ಕಡೆಗೆ ವಾಲಿ, ಟಕ್ ಎಂದು, ಆಮೇಲೆ ಸುಮ್ಮನಾಗುತ್ತಿತ್ತು. ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಆ ಟಕ್ ಕೇಳಿಸಿತೆಂದರೆ, ಕೊಡ ಹೊತ್ತು ಬಂದವಳು ಬದುಕಿರುವವಳಲ್ಲ ಎಂದು ತಿಳಿಯಬೇಕು.

ಈ ದೆವ್ವವನ್ನು ಮೊದಲು ಬರೆದವರು ಬೈಕುಲ್ಲಾದ ಕಾಕು. ಧಾರವಾಡದ ಕಡೆಯವರು, ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಗೋರೆಗಾಂವ್‌ನಿಂದ ಬೈಕುಲ್ಲಾದವರೆಗೆ ನಮ್ಮ ಬಳಗದವರೆಲ್ಲ, ಮೈಸೂರಿನ ಕಡೆಯವರಾದ ನಾವೂ ಸೇರಿ, ಅವರ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಅವರನ್ನು ಕಾಕು ಎಂದೇ ಕರೆಯುತ್ತಿದ್ದೆವು. ಎಂಬತ್ತರ ದಶಕದ ನಡುವಿನಲ್ಲಿ ಈ ಬಳಗಕ್ಕೊಂದು ಕೈಬರಹದ ಮಾಸಪತ್ರಿಕೆ ಇತ್ತು. ಇದ್ದದ್ದು ಒಂದೇ ಪ್ರತಿ. ಅದು ಖಾದಿ ಚೀಲವೊಂದರಲ್ಲಿ ಕೂತು ಮನೆಯಿಂದ ಮನೆಗೆ ಲೋಕಲ್ ರೈಲಿನಲ್ಲಿ ಪ್ರಯಾಣ ಮಾಡುತ್ತಿತ್ತು. ಓದಿದವರು ಕೊನೆಯ ಖಾಲಿ ಹಾಳೆಗಳಲ್ಲಿ ಅಭಿಪ್ರಾಯ ಬರೆಯುತ್ತಿದ್ದರು. ಕಥೆ ಬರೆಯುವ ಹುಮ್ಮಸ್ಸಿದ್ದವರು ಬಿಡಿ ಹಾಳೆಯಲ್ಲಿ ಬರೆದು ಚೀಲಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಚೀಲ ದಾದರಿನ ನಮ್ಮ ಮನೆಗೆ ಬರುತ್ತಿತ್ತು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ, ಅವನ್ನೆಲ್ಲ ಮುಂದಿನ ಸಂಚಿಕೆಗೆ ನಕಲು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗ ನಾನು ಕನ್ನಡ ಎಂ.ಎ. ಮುಗಿಸಿ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ.

ಕಾಕುವಿನ ಕಥೆಯ ಕೆಳಗೆ ಯಾರೋ ‘ಆ ಬಿಲ್ಡಿಂಗಿನಲ್ಲಿ ಇನ್ನು ಯಾರ್ಯಾರಿದ್ದಾರೆ?’ ಎಂದು ಕೇಳಿದ್ದರು. ಮುಂದಿನ ತಿಂಗಳು ಒಬ್ಬರು ಎರಡನೆಯ ಮಹಡಿಗೆ ಒಂದು ಸಂಸಾರವನ್ನು ತಂದಿಟ್ಟರು. ಅದರ ಮುಂದಿನ ತಿಂಗಳು ಮತ್ತೊಬ್ಬರು ಆ ಸಂಸಾರದ ಯಜಮಾನನನ್ನು ಹೆದರಿಸಿ ಸಾಯಿಸಿದರು. ಹೀಗೆ ಎಲ್ಲರೂ ಅದೇ ಬಿಲ್ಡಿಂಗಿಗೆ ದೆವ್ವದ ಕಥೆ ಬರೆಯತೊಡಗಿದರು. ಯಾರೂ ಕೂತು ನಿರ್ಧರಿಸದಿದ್ದರೂ ಒಂದು ಕಟ್ಟುಪಾಡು ತಾನಾಗಿ ಬಂತು: ಒಮ್ಮೆ ಪತ್ರಿಕೆಯಲ್ಲಿ ಬಂದದ್ದನ್ನು ಮುಂದೆ ಬರೆಯುವವರು ಇಲ್ಲವೆನ್ನುವಂತಿಲ್ಲ. ಲಿಫ್ಟ್ ಇಲ್ಲ ಎಂದು ಒಬ್ಬರು ಬರೆದ ಮೇಲೆ ಯಾರಿಗೂ ಲಿಫ್ಟ್ ಇರಲಿಲ್ಲ. ಮೆಟ್ಟಿಲಿಗೆ ಕಿಟಕಿಯಿಲ್ಲ ಎಂದ ಮೇಲೆ ಎಲ್ಲರೂ ಕತ್ತಲಲ್ಲೇ ಹತ್ತಬೇಕು. ದೆವ್ವ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಮಹನೀಯರೊಬ್ಬರು ಬರೆದುಬಿಟ್ಟರು; ನಾವೆಲ್ಲ ಅದನ್ನೂ ಪಾಲಿಸಿದೆವು. ವಾಚ್‌ಮನ್‌ನನ್ನು ಅವಸರದಲ್ಲಿ ಸಾಯಿಸಿದ್ದರಿಂದ, ಆಮೇಲೆ ಬೇಕಾದಾಗಲೆಲ್ಲ ಅವನನ್ನು ದೆವ್ವವಾಗಿಯೇ ಕರೆಸಬೇಕಾಯಿತು. ಎರಡು ವರ್ಷದಲ್ಲಿ ಆ ಬಿಲ್ಡಿಂಗಿನಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚಾದರು.

ನಾನೂ ಬರೆಯುತ್ತಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ನಕಲು ಮಾಡುವವಳು ನಾನೇ ಆದ್ದರಿಂದ ನನ್ನ ಕಥೆಯನ್ನು ನೇರವಾಗಿ ಸಂಚಿಕೆಗೆ ಬರೆದು, ಕೆಳಗೆ ‘ಬಾಡಿಗೆದಾರ’ ಎಂದು ಸಹಿ ಹಾಕುತ್ತಿದ್ದೆ. ಯಾರಾದರೂ ಕೇಳಿದರೆ ಚೀಲದಲ್ಲಿ ಬಂದಿತ್ತು ಎನ್ನುತ್ತಿದ್ದೆ. ಚೀಲ ನಮ್ಮ ಮನೆಯಲ್ಲೇ ಇರುತ್ತಿದ್ದುದರಿಂದ ಅದು ಸುಳ್ಳೂ ಆಗಿರಲಿಲ್ಲ. ಎರಡು ಕೋಣೆಯ ನಮ್ಮ ಮನೆಯಲ್ಲಿ ಐದು ಜನ. ಅಲ್ಲಿ ಒಬ್ಬರ ತಲೆನೋವು ಕೂಡ ಎಲ್ಲರದೂ ಆಗುತ್ತಿತ್ತು. ಆ ಕಥೆಗಳಷ್ಟೇ ನನ್ನವು. ಗುಟ್ಟಿಗೆ ಇನ್ನೂ ಒಂದು ಕಾರಣವಿತ್ತು. ನನ್ನ ಒಂದು ಕಥೆಯಲ್ಲಿ ಅಮ್ಮ ಇದ್ದಳು, ನಲ್ಲಿಗೆ ಬೈಯುವ ಅಭ್ಯಾಸ ಸಮೇತ. ಕಥೆಯ ಕೊನೆಗೆ ಅವಳನ್ನು ನಾನು ದೆವ್ವ ಮಾಡಿದ್ದೆ.

ಬಳಗದವರು ಈ ಕಥೆಗಳನ್ನು ಪುಸ್ತಕ ಮಾಡುವುದೆಂದು ನಿಶ್ಚಯಿಸಿದಾಗ ತೊಡಕು ಶುರುವಾಯಿತು. ಎಲ್ಲವನ್ನೂ ಅಚ್ಚು ಹಾಕಿಸಿದರೆ ಅದು ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪವಾಗುತ್ತಿತ್ತು. ಆದ್ದರಿಂದ ನಿಜವಾಗಿ ಆ ಬಿಲ್ಡಿಂಗಿಗೆ ಸೇರಿದ ಲೇಖಕರು ಯಾರು, ಸುಮ್ಮನೆ ಬಂದು ಹೋದವರು ಯಾರು ಎಂದು ತೀರ್ಮಾನಿಸಲು ಮೂವರ ಸಮಿತಿಯಾಯಿತು. ಬಳಗದ ಅಧ್ಯಕ್ಷರು, ಕಾಕು, ಮತ್ತು ಎಲ್ಲವನ್ನೂ ನಕಲು ಮಾಡಿದ್ದರಿಂದ ನಾನು. ಹಳೆಯ ಸಂಚಿಕೆಗಳನ್ನು ಬಿಚ್ಚಿ ಒಬ್ಬೊಬ್ಬರ ಕಥೆಯ ಹಾಳೆಗಳನ್ನೂ ಬೇರೆ ಮಾಡಿಟ್ಟಿದ್ದೆವು. ಬಾಡಿಗೆದಾರನ ಕಥೆಗಳು ಅಚ್ಚಾಗಬೇಕೆಂದು ನನಗೆ ಬಹಳ ಆಸೆಯಿತ್ತು. ಬಾಡಿಗೆದಾರ ಯಾರೆಂದು ಯಾರಿಗೂ ತಿಳಿಯಬಾರದೆಂಬ ಆಸೆಯೂ ಅಷ್ಟೇ ಇತ್ತು. ಎರಡೂ ಒಟ್ಟಿಗೆ ಸಾಧ್ಯ ಎಂದು ನಂಬಿ ಒಂದು ಭಾನುವಾರ ಮಧ್ಯಾಹ್ನ ಗೋರೆಗಾಂವ್‌ನಲ್ಲಿದ್ದ ಅಧ್ಯಕ್ಷರ ಮನೆಗೆ ಹೋದೆ.

ಅಧ್ಯಕ್ಷರು ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು. ಆ ಬಿಲ್ಡಿಂಗಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದವರು ಅವರೇ. ಅವರ ದೆವ್ವ ನಡುರಾತ್ರಿ ಬರುತ್ತಿತ್ತು. ಮಲ್ಲಿಗೆಯ ವಾಸನೆ, ಗೆಜ್ಜೆಯ ಸದ್ದು, ಕಿಟಕಿಯಿಲ್ಲದ ಮೆಟ್ಟಿಲ ಮೇಲೆ ಬೆಳದಿಂಗಳು. ಲೇಖಕರನ್ನು ಭಾಷೆಯ ಬಿಗಿಯಿಂದಲೂ ಭಯದ ತೀವ್ರತೆಯಿಂದಲೂ ಅಳೆಯಬೇಕು ಎಂದು ಅವರು ಮೊದಲಿಗೇ ಸೂಚಿಸಿದರು.

ಕಾಕು ಒಪ್ಪಲಿಲ್ಲ. ಅವರದು ಒಂದೇ ಪ್ರಶ್ನೆ.

“ದೆವ್ವ ಯಾವಾಗ ಬರ್ತದ? ಅಷ್ಟು ಹೇಳ್ರಿ ಸಾಕು.”

ಅವರ ಮೊದಲ ಕಥೆಯಲ್ಲಿ ದೆವ್ವ ಬಂದದ್ದು ನಸುಕಿನಲ್ಲಿ, ನಲ್ಲಿಗೆ ನೀರು ಬರುವ ಹೊತ್ತಿಗೆ. ಮುಂಬೈಯಲ್ಲಿ ನಡುರಾತ್ರಿ ಯಾರೂ ಒಂಟಿಯಲ್ಲ, ಮೆಟ್ಟಿಲ ಮೇಲೂ ಜನ ಮಲಗಿರುತ್ತಾರೆ, ಹೆದರಿಕೊಳ್ಳುವುದಕ್ಕೆ ಜಾಗವೇ ಇರುವುದಿಲ್ಲ ಎಂದು ಕಾಕು ವಿವರಿಸಿದರು. ಮನೆಮಂದಿಯೆಲ್ಲ ಮಲಗಿರುವಾಗ ನೀರಿಗೆಂದು ಎದ್ದು ಕೂತವಳೇ ಈ ಊರಿನಲ್ಲಿ ಒಂಟಿ; ದೆವ್ವ ಕಾಣುವುದಾದರೆ ಅವಳಿಗೇ ಕಾಣಬೇಕು. ನೀರು ತುಂಬಿದವರಿಗೆ ಮಾತ್ರ ಆ ಬಿಲ್ಡಿಂಗು ಗೊತ್ತು, ಉಳಿದವರೆಲ್ಲ ಬೇರೆ ಯಾವುದೋ ಬಿಲ್ಡಿಂಗಿನ ಬಗ್ಗೆ ಬರೆದಿದ್ದಾರೆ.

ಈ ಅಳತೆಗೋಲು ಹಿಡಿದದ್ದೇ ತಡ, ಲೇಖಕರು ಪಟಪಟ ಉದುರತೊಡಗಿದರು. ವಾಚ್‌ಮನ್‌ನನ್ನು ಸಾಯಿಸಿದವರು ಹೋದರು. ಈರುಳ್ಳಿಯ ಮಹನೀಯರೂ ಹೋದರು. ಅವರ ಕಟ್ಟುಪಾಡು ಮಾತ್ರ ಉಳಿಯಿತು. ಒಬ್ಬ ಹುಡುಗನ ಕಥೆಯಲ್ಲಿ ದೆವ್ವ ಅರ್ಧ ಹಿಂದಿಯಲ್ಲಿ ಮಾತಾಡುತ್ತಿತ್ತು. ಅಧ್ಯಕ್ಷರು ಅದನ್ನು ಕೂಡಲೇ ಪಕ್ಕಕ್ಕಿಟ್ಟರು. ಕಾಕು ಎತ್ತಿಕೊಂಡರು.

“ಇರಲಿ ಬಿಡ್ರಿ ಅಧ್ಯಕ್ಷರ. ಮುಂಬೈದಾಗ ಹುಟ್ಟಿ ಮುಂಬೈದಾಗ ಸತ್ತಾಕಿ. ಪಂಪನ ಕನ್ನಡ ಮಾತಾಡ್ಲಿಕ್ಕೆ ಆಕಿಗೇನು ಹುಚ್ಚು ಹಿಡದದ? ನೀರಿನ ಹೊತ್ತಿಗೆ ಬಂದಾಳೋ ಇಲ್ಲೋ?”

ಬಂದಿದ್ದಳು. ಹುಡುಗ ಉಳಿದ.

ಆಮೇಲೆ ಅಧ್ಯಕ್ಷರ ಕಥೆಗಳ ಸರದಿ ಬಂತು. ಕಾಕು ಆ ಹಾಳೆಗಳ ಮೇಲೆ ಕೈಯಿಟ್ಟು ಫ್ಯಾನಿನ ಕಡೆ ನೋಡಿದರು. ನಾನು ನನ್ನ ತಟ್ಟೆಯ ಒಗ್ಗರಣೆ ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದೆ. ಆ ಹೊತ್ತಿಗೆ ಅಧ್ಯಕ್ಷರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, ಕಾಫಿ ತಂದರು. ಏನು ಚರ್ಚೆ ಎಂದು ಕೇಳಿ ತಿಳಿದುಕೊಂಡು, ಲೋಟಗಳನ್ನು ಒಂದೊಂದಾಗಿ ಇಡುತ್ತಾ ಹೇಳಿದರು:

“ನೀರು ತುಂಬಿದವರೇ ಆಗಬೇಕು ಅಂದ್ರೆ ಇವರನ್ನ ಬಿಟ್ಬಿಡಿ ಕಾಕು. ನಮ್ಮನೆ ನಲ್ಲಿ ಎಡಕ್ಕೆ ತಿರುಗತ್ತೋ ಬಲಕ್ಕೆ ತಿರುಗತ್ತೋ ಇವರಿಗೆ ಗೊತ್ತಿಲ್ಲ.”

ಅಧ್ಯಕ್ಷರು ಕಾಫಿ ಕುಡಿದರು. ತಮ್ಮ ಕಥೆಗಳ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಎಂದರು. ಆಮೇಲೆ, ಬಹುಶಃ ಮನಸ್ಸಿನ ಉರಿಗೆ, ಈ ಬಾಡಿಗೆದಾರ ಯಾರು ಎಂದು ಕೇಳಿದರು. ಬಳಗಕ್ಕೆ ಸೇರಿದವರೇ ಎಂಬ ಖಾತ್ರಿ ಏನು? ಮುಖವೇ ಕಾಣದವರನ್ನು ನಮ್ಮ ಬಿಲ್ಡಿಂಗಿಗೆ ಸೇರಿದವರು ಎಂದು ಹೇಗೆ ಹೇಳುವುದು? ಅವರು ನನ್ನನ್ನು ನೋಡಿದರು. ಚೀಲದಲ್ಲಿ ಬರುತ್ತಿತ್ತು ಎಂದೆ.

ಕಾಕುವಿಗೆ ಮಾತ್ರ ಬಾಡಿಗೆದಾರನ ಮೇಲೆ ಬಹಳ ಅಭಿಮಾನ. ಅವನ ಕಥೆಗಳಲ್ಲಿ ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಕೆಂಪು ನೀರು ಬಿಡುತ್ತದೆ, ಅದನ್ನು ಬಟ್ಟೆ ನೆನೆಸುವ ಬಕೆಟ್ಟಿಗೆ ಬಿಟ್ಟು ತಿಳಿಯಾದದ್ದನ್ನು ಕೊಡಕ್ಕೆ ಹಿಡಿಯುತ್ತಾರೆ ಎಂದು ಒಂದೂ ತಪ್ಪಿಲ್ಲದೆ ಹೇಳಿದರು. ಗಂಡಸಾಗಿ ಇಷ್ಟು ತಿಳಿದಿದ್ದಾನೆ ಎಂದರೆ ತಾನೇ ನೀರು ತುಂಬುತ್ತಾನೆ. ತಾನೇ ತುಂಬುತ್ತಾನೆ ಎಂದರೆ ಮನೆಯಲ್ಲಿ ಹೆಂಗಸರಿಲ್ಲ. ಹೆಂಗಸರಿಲ್ಲ ಎಂದರೆ ಮದುವೆಯಾಗಿಲ್ಲ. ಇಷ್ಟು ಹೊತ್ತಿಗೆ ಆಂಟಿ ಖಾಲಿ ಟ್ರೇ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಿದ್ದರು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ತಂಗಿ, ನೀ ಎಂ.ಎ. ಆದಾಕಿ, ಅಂವಾ ಬರಿಯಾಂವ,” ಎಂದರು ಕಾಕು. “ನೀರು ತುಂಬೋ ಗಂಡಸು ಈ ಊರಾಗ ದೀಪಾ ಹಚ್ಚಿ ಹುಡುಕಿದರೂ ಸಿಗೂದಿಲ್ಲ ನೋಡವಾ.”

ಅವರಿಗೆ ಇಷ್ಟವಿರಲಿಕ್ಕಿಲ್ಲ, ನಾಚಿಕೆಯ ಸ್ವಭಾವದವರಿರಬಹುದು ಎಂದು ಹೇಳಿದೆ. ಹೇಳಬಾರದಿತ್ತು.

“ನಾಚಿಕಿನೂ ಅದ,” ಎಂದು ಕಾಕು ಆಂಟಿಗೆ ಹೇಳಿದರು, ವರನ ಗುಣಗಳಿಗೆ ಇನ್ನೊಂದನ್ನು ಸೇರಿಸುವಂತೆ.

ಕೊನೆಗೆ ಒಂದು ಪ್ರಕಟಣೆ ಕೊಡುವುದೆಂದಾಯಿತು. ಬಾಡಿಗೆದಾರರು ಮುಂದಿನ ತಿಂಗಳ ಸಭೆಗೆ ಖುದ್ದಾಗಿ ಬರಬೇಕು, ಬಾರದಿದ್ದರೆ ಅವರ ಕಥೆಗಳನ್ನು ಪುಸ್ತಕದಿಂದ ಕೈಬಿಡಲಾಗುವುದು. ಅದನ್ನು ಪತ್ರಿಕೆಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದವಳು ನಾನೇ. ದುಂಡಗೆಯೇ ಬರೆದೆ.

ಆ ತಿಂಗಳೆಲ್ಲ ಬಾಡಿಗೆದಾರನದೇ ಮಾತು. ಪತ್ರಿಕೆಯ ಕೊನೆಯ ಹಾಳೆಗಳಲ್ಲಿ ಅವನು ವಿಧುರನಿರಬಹುದೆಂದು ಒಬ್ಬರು, ಜಾತಕ ಸಿಗಬಹುದೇ ಎಂದು ಇನ್ನೊಬ್ಬರು ಬರೆದಿದ್ದರು. ಚೀಲ ನಮ್ಮ ಮನೆಗೆ ಬಂದಾಗ ಅಮ್ಮ ಅವನ್ನೆಲ್ಲ ಓದಿದಳು. ಅವಳು ಕಥೆ ಓದುವವಳಲ್ಲ, ಕೊನೆಯ ಹಾಳೆಗಳನ್ನಷ್ಟೇ ಓದುತ್ತಿದ್ದಳು. ನನಗೆ ಅದೇ ರಕ್ಷೆಯಾಗಿತ್ತು. ಒಳ್ಳೆಯ ಹುಡುಗನಂತೆ ಕಾಣುತ್ತಾನೆ ಎಂದಳು. ನಾನು ಇರಬಹುದು ಎಂದೆ.

ಸಭೆಯ ದಿನ ಆಂಟಿ ಕೇಸರಿಬಾತು ಮಾಡಿದ್ದರು. ಕಾಕು ಬೈಕುಲ್ಲಾದಿಂದ ರೇಷ್ಮೆ ಸೀರೆಯುಟ್ಟು ಬಂದಿದ್ದರು. ನಾನು ಎಂದಿನ ಹತ್ತಿಯ ಸೀರೆಯಲ್ಲಿದ್ದುದನ್ನು ನೋಡಿ ಅವರಿಗೆ ಬೇಸರವಾಯಿತು. ನಾಲ್ವರೂ ಬಾಗಿಲು ನೋಡುತ್ತ ಕೂತೆವು. ಒಮ್ಮೆ ಬಾಗಿಲ ಬೆಲ್ ಆಯಿತು. ಇಸ್ತ್ರಿಯವನು ಬಂದಿದ್ದ. ಕಾಕು ಅವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು.

ಕೇಸರಿಬಾತು ಆರಿತು. ಇನ್ನು ಕಾಯುವುದು ಬೇಡ, ನಿಯಮ ನಿಯಮವೇ ಎಂದರು ಅಧ್ಯಕ್ಷರು. ಕೈಬಿಡುವ ಮೊದಲು ಒಂದು ಕಥೆಯನ್ನಾದರೂ ಓದುತ್ತೇನೆ, ಇಲ್ಲದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ ಎಂದು ಕಾಕು ಹಾಳೆ ಎತ್ತಿಕೊಂಡರು. ಅವರು ಆರಿಸಿದ್ದು ಅಮ್ಮ ಇದ್ದ ಕಥೆ.

ಆ ಕಥೆಯಲ್ಲಿ ಎರಡನೆಯ ಮಹಡಿಯ ಹೆಂಗಸೊಬ್ಬಳು ನಲ್ಲಿಯ ಬಾಯಿಗೆ ಕೆಂಪು ಅಂಚಿನ ಹಳೆಯ ಪಂಚೆಯ ತುಂಡು ಕಟ್ಟುತ್ತಾಳೆ. ಬಟ್ಟೆಯ ತುದಿಯನ್ನು ಕೊಡದೊಳಗೆ ಇಳಿಬಿಟ್ಟರೆ ನೀರು ಅದರ ಗುಂಟ ಸದ್ದಿಲ್ಲದೆ ಜಾರುತ್ತದೆ, ಮಲಗಿದ ಗಂಡನಿಗೆ ಎಚ್ಚರವಾಗುವುದಿಲ್ಲ. ಅವಳು ಸತ್ತ ಮೇಲೂ ನಸುಕಿನಲ್ಲಿ ಬಂದು ಹಾಗೆಯೇ ಬಟ್ಟೆ ಕಟ್ಟಿ ನೀರು ಹಿಡಿಯುತ್ತಾಳೆ. ಆ ಮನೆಯಲ್ಲಿ ಮಲಗಲು ಈಗ ಯಾರೂ ಉಳಿದಿಲ್ಲ. ಆದರೂ ಕಟ್ಟುತ್ತಾಳೆ. ಆದ್ದರಿಂದಲೇ ಆ ಬಿಲ್ಡಿಂಗಿನಲ್ಲಿ ಯಾರಿಗೂ ನೀರಿನ ಸದ್ದು ಕೇಳಿಸುವುದಿಲ್ಲ, ಕೊಡ ಇಟ್ಟಾಗಿನ ಟಕ್ ಮಾತ್ರ ಕೇಳಿಸುತ್ತದೆ.

ಕಾಕು ಓದಿ ಮುಗಿಸಿ ಕನ್ನಡಕ ತೆಗೆದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಂಟಿ ಒಳಗೆ ಹೋಗಿ ನಲ್ಲಿಯಿಂದ ಬಿಚ್ಚಿದ ಒಂದು ಒದ್ದೆ ಬಟ್ಟೆ ಹಿಡಿದುಕೊಂಡು ಬಂದರು. ಪಂಚೆಯ ತುಂಡು. ಅಂಚು ಕೆಂಪು.

“ರೀ,” ಎಂದರು ಗಂಡನಿಗೆ, “ಇದು ನೀವೇ ಬರೆದಿದ್ದಾ?”

ಮುಗುಳುನಗೆಯಂಥದೊಂದು ಅಧ್ಯಕ್ಷರ ಮುಖದ ಮೇಲೆ ಬಂದು, ಅಲ್ಲೇ ಉಳಿಯಬೇಕೋ ಹೋಗಬೇಕೋ ತಿಳಿಯದೆ ನಿಂತಿತು. ತಮ್ಮ ಅಷ್ಟೂ ಕಥೆಗಳು ಹೊರಗೆ ಹೋಗುವ ಹೊತ್ತಿಗೆ, ಕಾಕು ಕಣ್ಣೊರೆಸಿಕೊಳ್ಳುವಂಥ ಕಥೆಯೊಂದು ಬಂದು ಮಡಿಲಲ್ಲಿ ಕೂತಿತ್ತು. ಲೇಖಕರಾದವರು ಕೆಲವೊಮ್ಮೆ ಬೇರೆ ಹೆಸರಿನಲ್ಲೂ ಬರೆಯುವುದುಂಟು ಎಂದು ಅವರು ಯಾರನ್ನೂ ನೋಡದೆ ಹೇಳಿದರು. ಅದೂ ಸುಳ್ಳಲ್ಲ.

ನಾನು ಆಂಟಿಯ ಮುಖ ನೋಡಿದೆ. ಅದರಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ. ಅಂಗಡಿಯವನು ತೂಕ ಮಾಡುವಾಗ ತಕ್ಕಡಿಯ ಮುಳ್ಳು ನೋಡುವವರ ಹಾಗೆ ನೋಡುತ್ತಿದ್ದರು. ಹೌದು ಎಂದು ಅಧ್ಯಕ್ಷರು ಹೇಳಿದರೆ ನನ್ನ ಕಥೆಗಳು ಅಚ್ಚಾಗುತ್ತವೆ, ನನ್ನ ಗುಟ್ಟೂ ಉಳಿಯುತ್ತದೆ. ನಾನು ಬಯಸಿದ್ದು ಎರಡೂ ಒಟ್ಟಿಗೆ ಸಿಗುವ ದಾರಿ ಇದೊಂದೇ ಎಂದು ಹೊಳೆಯಿತು.

ಅಧ್ಯಕ್ಷರು ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ಅದು ಅವರದೇ ಪಂಚೆಯಾಗಿತ್ತು.

“ಇಲ್ಲ ಕಣೆ,” ಎಂದರು. “ನಾನಲ್ಲ. ನಾನು ಮಲಗಿರ್ತಿದ್ದೆ.”

“ಗೊತ್ತು,” ಎಂದರು ಆಂಟಿ. “ನಿಮ್ಮ ಗೊರಕೆ ಕೇಳ್ಕೊಂಡೇ ನೀರು ತುಂಬ್ತಿದ್ದೆ. ನೀವು ಏನು ಹೇಳ್ತೀರೋ ನೋಡೋಣ ಅಂತ ಕೇಳಿದೆ.”

ಕಾಕು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಅಧ್ಯಕ್ಷರ ಮುಖದ ಮೇಲಿದ್ದದ್ದು ಈಗ ನಿಜವಾಗಿಯೇ ನಗುವಾಯಿತು, ಸ್ವಲ್ಪ ಸಣ್ಣದು. ಆಮೇಲೆ ಅವರು ಬಾಡಿಗೆದಾರನ ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸರಿಪಡಿಸಿ, ಕೈಬಿಟ್ಟವರ ಕಟ್ಟಿಗೆ ಸೇರಿಸಿ, ತಮ್ಮ ಕಥೆಗಳನ್ನೂ ತಾವೇ ಅದರ ಮೇಲಿಟ್ಟರು. ತಮಗಾದದ್ದೇ ಬಾಡಿಗೆದಾರನಿಗೂ ಆಗಲಿ ಎಂಬ ಸಮಾಧಾನ ಆ ಕೈಯಲ್ಲಿತ್ತು. ಕಾಕು ಕೂಡ ತಡೆಯಲಿಲ್ಲ. ಬರಲಿಲ್ಲವಲ್ಲ ಎಂದು ನಿಟ್ಟುಸಿರುಬಿಟ್ಟು ಕಟ್ಟಿಗೆ ದಾರ ಸುತ್ತಲು ಶುರು ಮಾಡಿದರು.

ದಾರ ಎರಡು ಸುತ್ತು ಬಂದಿತ್ತು.

“ನಾನೇ,” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಕಟ್ಟು ಕಟ್ಟುವುದಕ್ಕೆ ಕೇಳುತ್ತಿದ್ದೇನೆಂದು ಕಾಕು ದಾರವನ್ನು ನನ್ನ ಕೈಗೆ ಕೊಟ್ಟರು.

“ಅಲ್ಲ ಕಾಕು. ಬಾಡಿಗೆದಾರ ನಾನೇ.”

ಆಂಟಿ ಒದ್ದೆ ಬಟ್ಟೆಯನ್ನು ನೋಡಿ, ಹಾಗಾದರೆ ಇದು ಎಂದು ಕೇಳಿದರು. ನಮ್ಮಮ್ಮನೂ ಕಟ್ಟುತ್ತಾಳೆ, ನಾನೂ ಅವಳೂ ಸರದಿಯಲ್ಲಿ ನೀರು ತುಂಬುತ್ತೇವೆ, ನನ್ನ ಸರದಿಯ ದಿನ ನಾನೂ ಕಟ್ಟುತ್ತೇನೆ ಎಂದೆ. ನಮ್ಮದು ಹಸಿರು ಅಂಚು, ಕಥೆಗೆಂದು ಕೆಂಪು ಮಾಡಿದ್ದು. ಅಷ್ಟೊಂದು ಮಾತನ್ನು ಆ ಮನೆಯಲ್ಲಿ ನಾನು ಅದುವರೆಗೆ ಆಡಿರಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಸಭೆಗೆ ಖುದ್ದಾಗಿ ಬಂದಂತಾಯಿತು, ನಿಯಮಕ್ಕೆ ಅಡ್ಡಿಯಿಲ್ಲ ಎಂದರು. ಆ ಮಾತನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಕಾಕು ಮಾತ್ರ ಗೋಡೆಗೆ ಒರಗಿಬಿಟ್ಟಿದ್ದರು.

“ಹೋತಲ್ಲವಾ,” ಎಂದರು. “ಒಂದು ಚಲೋ ವರ ಕೈತಪ್ಪಿ ಹೋತು.”

ಬಹಳ ಹೊತ್ತು ಅವರು ಬಾಡಿಗೆದಾರನ ಅಗಲಿಕೆಯಿಂದ ಚೇತರಿಸಿಕೊಳ್ಳಲಿಲ್ಲ. ಆಂಟಿ ಬಿಸಿ ಮಾಡಿದ ಕೇಸರಿಬಾತು ತಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ಪುಸ್ತಕದಲ್ಲಿ ಬಾಡಿಗೆದಾರ ಎಂದೇ ಇರಲಿ ಎಂದು ಕೇಳಿಕೊಂಡೆ, ಮೂವರೂ ಒಪ್ಪಿದರು. ಅಧ್ಯಕ್ಷರ ಕಥೆಗಳ ವಿಷಯವೂ ಇತ್ಯರ್ಥವಾಯಿತು. ಗೆಜ್ಜೆ ಬಿಚ್ಚಿಸಿ, ಬೆಳದಿಂಗಳು ಆರಿಸಿ, ದೆವ್ವವನ್ನು ನೀರಿನ ಹೊತ್ತಿಗೆ ತಂದರೆ ಒಂದನ್ನು ಸೇರಿಸಬಹುದು ಎಂದರು ಕಾಕು. ಅದಕ್ಕೆ ಮೊದಲು ಲೇಖಕರು ನಸುಕಿನಲ್ಲಿ ಎದ್ದು ಸ್ಥಳ ಪರಿಶೀಲನೆ ಮಾಡತಕ್ಕದ್ದು. ನಲ್ಲಿ ಎಡಕ್ಕೆ ತಿರುಗುತ್ತದೆ ಎಂದು ಆಂಟಿ ಹೇಳಿಕೊಟ್ಟರು.

ಹೊರಡುವಾಗ ಕಾಕು ನನ್ನ ಜೊತೆ ಸ್ಟೇಷನ್‌ವರೆಗೆ ನಡೆದರು. ಪುಸ್ತಕದಲ್ಲಿ ಹೆಸರು ಬರುವುದಿಲ್ಲ, ಸರಿ, ಆದರೆ ನಿಮ್ಮವ್ವನಿಗೆ ಹೇಳದೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಮರುದಿನ ಮಧ್ಯಾಹ್ನ ತರಕಾರಿಗೆ ದಾದರಿಗೆ ಬರುವವರಿದ್ದರು. ಅಲ್ಲಿಯವರೆಗೆ ತಡೆದುಕೊಳ್ಳುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ನೀರಿನ ಸರದಿ ಅಮ್ಮನದು. ಅಚ್ಚಿಗೆ ನಕಲು ಮಾಡಲೆಂದು ತಂದಿದ್ದ ಕಥೆಯ ಹಾಳೆಗಳನ್ನು ಹಿಡಿದು ನಾನೂ ಎದ್ದೆ. ಅವಳು ಅಡಿಗೆಮನೆಯ ಮೂಲೆಯ ಬಚ್ಚಲ ಮೋರಿಯ ಕಟ್ಟೆಯ ಮೇಲೆ ಕೂತು, ನಲ್ಲಿಗೆ ಬಟ್ಟೆ ಕಟ್ಟಿ, ಕೊಡದ ಕತ್ತಿನವರೆಗೆ ನೀರು ಏರುವುದನ್ನು ನೋಡುತ್ತಿದ್ದಳು. ಆಚೆ ಕೋಣೆಯಲ್ಲಿ ಮೂವರು ಮಲಗಿದ್ದರು. ನಿನ್ನನ್ನು ಒಂದು ಕಥೆಯಲ್ಲಿ ಬರೆದಿದ್ದೇನೆ ಎಂದು ಪಿಸುಗುಟ್ಟಿದೆ. ಕೊನೆಗೆ ಏನಾಗಿದ್ದೀ ಎಂಬುದನ್ನೂ ಹೇಳಿದೆ. ಅವಳು ನಲ್ಲಿಯ ನೀರು ಸಣ್ಣಗಾದದ್ದಕ್ಕೆ ಒಂದು ಬೈಗುಳ ಬೈದು, ಆಮೇಲೆ ನನ್ನ ಕಡೆ ತಿರುಗಿದಳು.

“ಸತ್ತ ಮೇಲೂ ನೀರೇ ತುಂಬಿಸಿದ್ದೀಯಾ?” ಎಂದಳು. “ಓದು, ಕೇಳೋಣ. ಮೆಲ್ಲಗೆ ಓದು. ಅವರಿಗೆಲ್ಲ ಕೇಳಿಸತ್ತೆ.”

ನಾನು ಖಾಲಿ ಕೊಡವೊಂದನ್ನು ಎಳೆದು ನಲ್ಲಿಯ ಕೆಳಗಿಟ್ಟೆ. ಬಟ್ಟೆಯ ಗಂಟು ಬಿಚ್ಚಿದೆ. ನೀರು ಹಿತ್ತಾಳೆಯ ತಳಕ್ಕೆ ಧೋ ಎಂದು ಬಿತ್ತು. ಆ ಸದ್ದಿನ ಮರೆಯಲ್ಲಿ, ಅವಳೊಬ್ಬಳಿಗೇ ಕೇಳಿಸುವಂತೆ, ಮೊದಲಿನಿಂದ ಓದತೊಡಗಿದೆ.